ಹಿಟ್ಟಿನ ಪೆಟ್ಟಿಗೆ

ಮತ್ತೆ ಬಂದೆಯಾ?
ಮುಚ್ಚಳದ ಸದ್ದು ಕೇಳಿಸಿತು. ಕಬ್ಬಿಣದ ಕೀಲು
ಒಂದು ಸಲ ಮುಲುಕಿ, ಆಮೇಲೆ ಉಸಿರು ಹಿಡಿಯುವ ಆ ಬಗೆ
ನನಗೀಗ ಬಾಯಿಪಾಠ.
ಎಣಿಸಿಕೋ. ರೈ ಹಿಟ್ಟು ಮುಕ್ಕಾಲು ಪೆಟ್ಟಿಗೆ ಇದೆ,
ಮರದ ತೊಗಟೆ ಒಂದು ಚೂರೂ ಬೆರೆಸಿಲ್ಲ.

ಮದುವೆಯಾಗಿ ಬಂದ ವರ್ಷವೇ ಅತ್ತೆ ಹೇಳಿದ್ದರು:
ಈ ಮನೆಯಲ್ಲಿ ಲೋವೀಸಾ ಇದ್ದಾಳೆ, ಹೆದರಬೇಡ,
ಬರದ ವರ್ಷ ಪೈನ್ ತೊಗಟೆ ಕುಟ್ಟಿ ಮಕ್ಕಳಿಗೆ ರೊಟ್ಟಿ ಸುಟ್ಟವಳು,
ಮಕ್ಕಳ ಹಿಂದೆಯೇ ತಾನೂ ಹೋದವಳು.
ಚಳಿ ಬಿಗಿದಾಗ ಬಂದು ಹಿಟ್ಟು ನೋಡಿ ಹೋಗುತ್ತಾಳೆ, ಅಷ್ಟೆ.
ತೌನೊ ನಕ್ಕಿದ್ದ. ಇಲಿ, ಅಂದಿದ್ದ.
ಹನ್ನೊಂದು ಚಳಿಗಾಲ ಇಲಿ ಇಲಿ ಅನ್ನುತ್ತಲೇ
ನನ್ನ ಪಾದಗಳನ್ನು ತನ್ನ ಪಾದಗಳ ನಡುವೆ ಬೆಚ್ಚಗಿಟ್ಟಿದ್ದ.

ಈಗ ಅವನಿಲ್ಲ.
ಇಲ್ಲ ಅನ್ನುವುದಕ್ಕೂ ಈ ಕೈನೂ ಸೀಮೆಯಲ್ಲಿ ಅಪ್ಪಣೆ ಬೇಕು.
ಪಾದ್ರಿ ಸ್ಕೀ ಕಟ್ಟಿಕೊಂಡು ಮೂರು ಹರದಾರಿ ಬಂದು
ಕಾಫಿ ಕುಡಿದು, ಬೂಟಿನ ತುದಿ ನೋಡುತ್ತ ಹೇಳಿದರು:
ಸರೋವರ ಬಾಯಿ ಬಿಡಲಿ, ಮೇ ತಿಂಗಳು ಬರಲಿ,
ಆಮೇಲೆ ಗಂಟೆ ಹೊಡೆಸೋಣ ಹಿಲ್ಯಾ.
ಅಲ್ಲಿಯ ತನಕ ನಾನು ಯಾರು?
ಕೇಳಲಿಲ್ಲ. ಇನ್ನೊಂದು ಲೋಟ ಬಗ್ಗಿಸಿದೆ.

ಆಚೆ ದಡದ ಹುಲ್ಲು ತರಲು ಹೋಗಿದ್ದ.
ಹೊಳೆ ಬಂದು ಸೇರುವಲ್ಲಿ ಮಂಜುಗಡ್ಡೆ ತೆಳುವೆಂದು
ಮಗುವಿಗೂ ಗೊತ್ತು, ಅವನಿಗೂ ಗೊತ್ತಿತ್ತು.
ಕುದುರೆ ಮಾತ್ರ ಬಂತು, ಹೊಟ್ಟೆಯ ತನಕ ಹಿಮದ ಜಾಲರಿ ಹೊದ್ದು,
ಎದೆಪಟ್ಟಿ ಜೋತಾಡುತ್ತಿತ್ತು.
ಹರಿದದ್ದಲ್ಲ. ಲಾಂದ್ರ ಹಿಡಿದು ನೋಡಿದೆ.
ಕೊಯ್ದದ್ದು. ಚಾಕುವಿನಿಂದ, ನೇರವಾಗಿ, ಎರಡೂ ಕಡೆ.
ಎಷ್ಟು ಹೊತ್ತು ಹಿಡಿದಿರಬಹುದು ಆ ದಪ್ಪ ತೊಗಲು ಕೊಯ್ಯಲು
ಮರಗಟ್ಟಿದ ಕೈಗೆ?
ಆ ಹೊತ್ತನ್ನು ನನಗೆಂದು ಉಳಿಸಬಹುದಿತ್ತು,
ಕುದುರೆಗೆ ಕೊಟ್ಟ.
ಅಂದಿನಿಂದ ಮೇವು ಹಾಕುತ್ತೇನೆ, ನೀರು ಇಡುತ್ತೇನೆ,
ಅದರ ಕಣ್ಣು ನೋಡುವುದಿಲ್ಲ.

ಲೋವೀಸಾ, ಒಂದು ಮಾತು ಕೇಳಲೇ?
ಕರೆಯದ ನೀನು ಬರುತ್ತೀ,
ಕೂಗಿ ಕೂಗಿ ಗಂಟಲು ಒಡೆದರೂ ಅವನು ಬರುವುದಿಲ್ಲ.
ದೆವ್ವವಾಗಲಿಕ್ಕೂ ಹಸಿದಿರಬೇಕೆ?
ಅವನು ಹೊಟ್ಟೆ ತುಂಬ ಗಂಜಿ ಉಂಡು ಹೊರಟಿದ್ದ,
ಬೆಣ್ಣೆ ಹಾಕಿದ್ದೆ,
ಅದೇ ತಪ್ಪಾಯಿತೆ?

ಒಲೆಯ ಮೇಲಿನ ಗೂಟದಲ್ಲಿ ಎಡಗೈ ಗವಸು ಇದೆ,
ಒದ್ದೆಯೆಂದು ಬಿಟ್ಟು ಹೋದ. ಈಗ ಎಷ್ಟು ಒಣಗಿದೆಯೆಂದರೆ
ಮುಟ್ಟಿದರೆ ತರಗೆಲೆಯ ಹಾಗೆ ಸದ್ದು ಮಾಡುತ್ತದೆ.
ನಿಮ್ಮ ದಾರಿ ನಿಮಗೆ ಗೊತ್ತಿರಬೇಕು.
ತೆಗೆದುಕೊಂಡು ಹೋಗು.
ಅವನ ಮಾತು ತರಬೇಡ, ಗವಸು ಕೊಟ್ಟು ಬಂದರೆ ಸಾಕು.

ಕೀಲು ಮುಲುಕಿತು. ನಿನಗೆ ನಿನ್ನ ಲೆಕ್ಕ.
ಎದ್ದು ಬಂದೆ. ಬರಿಗಾಲನ್ನು ನೆಲ ಕಚ್ಚಿತು.
ಪೆಟ್ಟಿಗೆಯ ಮುಂದೆ ಯಾರೂ ಇರಲಿಲ್ಲ,
ಮುಚ್ಚಳ ತೆರೆದಿತ್ತು.
ಕೈ ಇಳಿಬಿಟ್ಟೆ, ಮೊಣಕೈಯ ತನಕ.
ಹಿಟ್ಟು ಹಿಮಕ್ಕಿಂತ ತಣ್ಣಗೆ.
ಜನವರಿ, ಫೆಬ್ರವರಿ, ಮಾರ್ಚ್, ಏಪ್ರಿಲ್...
ನಾನೂ ಎಣಿಸುತ್ತಿದ್ದೆ.

ಹೇಗೂ ನಿದ್ದೆಯಿಲ್ಲ ಎಂದು ಒಲೆ ಹೊತ್ತಿಸಿದೆ, ನಾದಿದೆ.
ಬೆಂದ ಮೇಲೆ ನೋಡುತ್ತೇನೆ, ಎರಡು ರೊಟ್ಟಿ.
ಕೈಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.
ಇರಲಿ, ಒಂದು ನಿನಗೆ, ಅಂದೆ.
ಮುಚ್ಚಳ ಇಳಿಸಿ ಅದರ ಮೇಲಿಟ್ಟೆ, ಚಿಟಿಕೆ ಉಪ್ಪಿನ ಜೊತೆ.

ಬೆಳಕು ಬಂದಾಗ ಹತ್ತು ಗಂಟೆ.
ರೊಟ್ಟಿ ಹಾಗೇ ಇತ್ತು, ಅಂಚೂ ಮುರಿದಿರಲಿಲ್ಲ.
ನಿನಗೆ ಬೇಕಾದದ್ದು ರೊಟ್ಟಿಯಲ್ಲ,
ಇದೆ ಎಂಬ ಖಾತ್ರಿ.
ಲಾಯದ ಬಾಗಿಲಿಗೆ ಒತ್ತಿದ್ದ ಹಿಮವನ್ನು ಸಲಿಕೆಯಿಂದ ಎತ್ತಿ ಹಾಕಿ
ಒಳಗೆ ಹೋದೆ, ಮುರಿದು ಅಂಗೈಯಲ್ಲಿಟ್ಟು ಹಿಡಿದೆ.
ವಿರ್ಮಾ ಮೂಸಿತು. ಅದರ ಉಸಿರು ಮಣಿಕಟ್ಟಿನ ತನಕ ಬಿಸಿ.
ತಿಂದಿತು, ನಿಧಾನಕ್ಕೆ, ಒಂದು ಪುಡಿಯೂ ಬಿಡದೆ.
ನಾನು ನೋಡುತ್ತಿದ್ದೆ.