ಹೊಕ್ಕು

ಕೋಟೆ ಬಾಗಿಲೆದುರು ಬಸ್ಸಿಗೆ ಕಾಯುತ್ತ
ನೆನಪಾಯಿತು ಅಜ್ಜಿಯ ಮಾತು:

ಪೇಟೆ ಆಗಲೇ ಬಿದ್ದಿತ್ತು. ಗುಂಡಿಗೆ ಗೋಡೆ ಬಾಯಿ ಬಿಟ್ಟಿತ್ತು.
ತುಂಬಲು ಮಣ್ಣು ಸಾಲದೆ
ಓಡಿಬಂದ ನೇಕಾರರ ಮುಂದೆ ಕೈಯೊಡ್ಡಿದ ಕೋಟೆಯಾಳು.
ಚೌಡಮ್ಮ ಹತ್ತಿ ಮೂಟೆ ಕೊಟ್ಟಳು, ಮಗ್ಗದ ಮರ ಕೊಟ್ಟಳು,
ಲಾಳಿಯೊಂದನ್ನು ಸೆರಗಿಗೆ ಕಟ್ಟಿಕೊಂಡಳು.

ಬೆಳದಿಂಗಳು. ಏಣಿ. ಹೊಕ್ಕರು.

ಸತ್ತವರೆಷ್ಟು, ಅಜ್ಜಿಗೆ ತಿಳಿಯದು;
ಗೋಡೆಯೊಳಗಿನ ಹತ್ತಿ
ಮೂರು ದಿನ ಹೊಗೆಯಾಡಿತಂತೆ.

ಗೆದ್ದವರು ಡೇರೆಗೆ ಬಟ್ಟೆ ಕೇಳಿದರು.
ಸಾಲದ ಮಗ್ಗದಲ್ಲಿ ನೇಯ್ದಳು, ಹೊಟ್ಟೆ ಕೇಳಬೇಕಲ್ಲ,
ಮೊಳಕ್ಕೊಂದು ಹೊಕ್ಕು ಬಿಟ್ಟು ನೇಯ್ದಳು.
ಶ್ರೀರಂಗಪಟ್ಟಣದ ದಾರಿಯಲ್ಲಿ
ಆ ವರ್ಷ ಮಳೆ ಬೇಗ ಹಿಡಿಯಿತು.

ಸೋರಿತೇ ಅಜ್ಜಿ?
ಎಲೆಯಡಿಕೆ ತುಂಬಿದ ಬಾಯಲ್ಲಿ ನಕ್ಕಿದ್ದಷ್ಟೆ.

ಬಸ್ಸು ಬಂತು; ಹತ್ತಿ ಕಿಟಕಿಗೆ ಕೂತೆ.
ಕೋಟೆಗಲ್ಲಿನ ಸಂದಿಯಲ್ಲಿ
ಯಾರೋ ತುರುಕಿದ ಟಿಕೆಟ್ಟು.