ಒರೆಸಿದರೂ ಹೋಗದ್ದು

ಚೌಕಿಪೇಟೆಯ ನನ್ನ ಕಟ್ಟಿನಂಗಡಿಗೆ
ಗೋಣಿಚೀಲದಲ್ಲಿ ಸುತ್ತಿ ತಂದರು ಅವಳನ್ನು,
ಆಟೋದ ಸೀಟಿನ ಮೇಲೆ ನಡುವೆ ಕೂರಿಸಿ
ಬೀಳದಂತೆ ಇಬ್ಬರೂ ಹೆಗಲು ಹಿಡಿದು.

'ಗಾಜು ಒಡೆದೈತೆ. ಮುಖಾನೂ ಮಂಕಾಗೈತೆ, ಒರೆಸಿಬಿಡ್ರಿ'
ಎಂದರು ಕೊಟ್ರಯ್ಯ. 'ನಮ್ಮಪ್ಪನ ಸೋದರತ್ತೆ, ಹಾಲಮ್ಮ.
ಭಾಳ ಸಿಟ್ಟಿನ ಹೆಂಗಸು. ಹುಬ್ಬೇ ಹೇಳುತ್ತೆ.'
ತಂಗಿ ಗಂಗಾಂಬಿಕೆ ಒಪ್ಪಲಿಲ್ಲ:
'ಸಿಟ್ಟಲ್ಲಣ್ಣ, ಅಳು. ತುಟಿ ಒತ್ತಿ ಹಿಡಿದಾಳೆ ನೋಡು.'
ಇಬ್ಬರೂ ಅವಳನ್ನು ಕಂಡವರಲ್ಲ.

ಕೆಳಗೆ ಮೂಲೆಯಲ್ಲಿ, ಪೇಂಟರ್ ಖಾದರ್, ೧೯೫೧.
ಬೋರ್ಡು ಬರೆಯುವವನ ಕೈ, ಗೊತ್ತಾಗುತ್ತದೆ.
ಮೂಗು, ಅಂಗಡಿ ಹೆಸರಿನ ಕೊಂಬಿನ ಹಾಗೆ
ಒಂದೇ ಎಳೆತಕ್ಕೆ ಇಳಿದಿದೆ;
ಕಿವಿ, ಬಾಲ ಮೊಟಕಾದ 'ಅ'.
ಹಿಂದೆ ಪರದೆ, ಕಂಬ, ಕೊಳ, ಎರಡು ಹಂಸ,
ದಾವಣಗೆರೆ ಯಾವ ಕಾಲಕ್ಕೂ ಕಾಣದ ಹಂಸ.
ನಾಲ್ಕೆಳೆ ಸರವೂ ಕತ್ತಿಗೆ ಭಾರವಾಗಿಲ್ಲ,
ಬೋರ್ಡಿನಂಚಿನ ಬಳ್ಳಿಯಂತೆ ಸುಮ್ಮನೆ ತೇಲುತ್ತದೆ.

ಅವರು ಹೋದ ಮೇಲೆ ಹತ್ತಿ ತೆಗೆದುಕೊಂಡೆ.
ನಾಲಿಗೆಗೆ ತಾಗಿಸಿ ಒದ್ದೆ ಮಾಡುವುದು ಅಪ್ಪ ಕಲಿಸಿದ್ದು;
ಹಳೇ ಬಣ್ಣಕ್ಕೆ ಉಗುಳೇ ಹಿತ.
ಕೆನ್ನೆಯಿಂದ ಬಂತು ಊದಿನಕಡ್ಡಿ ಹೊಗೆ, ಕಂದು ಕಂದಾಗಿ.
ಕಿವಿಯ ಮೇಲೆ, ಕೂದಲಲ್ಲಿ, ಒಂದು ಬಿಳಿ.
ಬೂಷ್ಟು ಅಂದುಕೊಂಡೆ. ಒರೆಸಿದೆ. ಹೋಗಲಿಲ್ಲ.
ಇನ್ನಷ್ಟು ಒತ್ತಿದೆ. ಇಲ್ಲ.
ನನ್ನ ಕೈಯ ಹತ್ತಿಯೇ ಅಂಟಿತೇನೋ ಎಂದು
ಭೂತಗನ್ನಡಿ ಹಿಡಿದರೆ
ಬಣ್ಣ. ತೆಳು ಕುಂಚದಲ್ಲಿ ಮೂರೇ ಮೂರು ಗೀಟು.
ಅರಳೆ.

ಗೋಂದು ಕಲಸುತ್ತಿದ್ದ ಹುಡುಗ ಚಮನ್ ಇಣುಕಿದ:
'ಸಿಟ್ಟೂ ಇಲ್ಲ ಅಳೂ ಇಲ್ಲ ಯಜಮಾನ್ರೆ,
ಆಕೆಗೆ ಹೊತ್ತಾಗೈತೆ.'

ಹೊತ್ತಾಗಿದೆ. ಹೌದಲ್ಲ.
ಮಿಲ್ಲಿನ ಕೂಗು ಆಗಿಹೋಗಿದೆ,
ಖಾದರ್ ಇನ್ನೂ ಕಿವಿ ತಿದ್ದುತ್ತಿದ್ದಾನೆ.
ಆಯ್ತೇನಪ್ಪ, ಎನ್ನುತ್ತಿದೆ ಹುಬ್ಬು.
ಬಾಯಿಬಿಟ್ಟರೆ ಮೊದಲಿಂದ ಕೂರಿಸಿಯಾನೆಂದು
ತುಟಿ ಬಿಗಿದಿದೆ.
ಸರ ಬರಿ ಅಂದಿರಬೇಕು ಮನೆಯವರು, ಬರೆದ.
ಹಂಸ ಅವನದೇ ಕೊಸರು.
ಅರಳೆ ಬರಿ ಅಂದವರು ಯಾರು?

ಬಣ್ಣ ಸಿಡಿದದ್ದೂ ಇರಬಹುದು, ಹಾಗೂ ಯೋಚಿಸಿದೆ.
ಸಿಡಿದ ಬಣ್ಣ ಅಷ್ಟು ಹಗುರಾಗಿ ಕೂರುತ್ತದೆಯೇ?

ಶನಿವಾರ ಕೊಟ್ರಯ್ಯ ಹೊಸ ಗಾಜಿಗೆ ಮೂಗು ತಾಗಿಸಿ
'ಆ ಬಿಳೀದೊಂದು ಉಳೀತಲ್ರೀ' ಅಂದರು.
'ಅದು ಹೋಗಲ್ಲ' ಅಂದೆ. ಗಾಜಿನ ದುಡ್ಡಷ್ಟೇ ತಗೊಂಡೆ.
ತಡೆಯಲಾರದೆ ಕೇಳಿದೆ: 'ನಿಮ್ಮಜ್ಜಿ ಯಾವ ಮಿಲ್ಲು?'
'ಮಿಲ್ಲಾ? ನಮ್ಮನೆ ಹೆಂಗಸರು ಯಾರೂ ಹಂಗೆಲ್ಲ...'

ಹೊರಗೆ ಆಟೋದವನು ಹಾರನ್ ಒತ್ತಿದ.
ಹಾಲಮ್ಮ ನನ್ನ ಹೆಗಲಾಚೆ
ಬಾಗಿಲ ಕಡೆಗೇ ನೋಡುತ್ತಿದ್ದಳು.