ನೆಂಟರನ್ನು ಮರೆಸುವ ತುಂಡು

ಒಂದು ಡಾಲರಿನ ನೋಟು,
ಕೈಯಿಂದ ಕೈಗೆ ಬೆವರಿ ಬಟ್ಟೆಯಂತಾದದ್ದು.
ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು ನೋಡಿದ,
ನನ್ನನ್ನೂ ನೋಡಿದ, ತೆಗೆದುಕೊಂಡ.
ಒಂದು ಪೊಟ್ಟಣ ಸೋಯಾ, ಎರಡು ಟೊಮೆಟೊ,
ಹೆಬ್ಬೆರಳುದ್ದದ ಪ್ಲಾಸ್ಟಿಕ್ಕಿನಲ್ಲಿ ಗಂಟು ಹಾಕಿದ ಎಣ್ಣೆ.
ಅದಕ್ಕೆ ನಮ್ಮಲ್ಲಿ 'ತ್ಸಾವೊನ' ಅಂತಾರೆ,
ಅಂದರೆ ಅಪಘಾತ.
ಚಿಲ್ಲರೆಯಿಲ್ಲ ಎಂದು ಎರಡು ಪೆಪ್ಪರಮಿಂಟು ಕೊಟ್ಟ.

ಊರು ಚಿಟುಂಗ್ವಿಜಾ. ಕರೆಂಟು ಹೋದ ಸಂಜೆ.
ಬಂದು ಕೂತವರು ಸೆಕುರು ಮುಚನೆತಾ,
ನನ್ನ ಗಂಡನ ಸೋದರಮಾವ,
ಮುರೆವಾದಿಂದ ಎರಡು ಬಸ್ಸು ಬದಲಿಸಿ,
ಟೋಪಿಯನ್ನು ಮೊಣಕಾಲಿನ ಮೇಲೆ ಕೂರಿಸಿ.
ಮುಚನೆತಾ ಅಂದರೆ 'ದಣಿಯುವವರು ನೀವೇ'.
ದಣಿದಿದ್ದೆ.
ಇಂಥವರು ಬಂದಾಗ ಹಿತ್ತಲಲ್ಲಿ ಕೋಳಿ ಕೂಗಬೇಕು,
ಒಂದೇ ಸಲ.
ನನ್ನ ಕೋಳಿ ಎಲ್ಲೋ ಕಾರ್ಖಾನೆಯಲ್ಲಿ
ಎಣ್ಣೆ ತೆಗೆದು ಉಳಿದ ಹಿಂಡಿಯಿಂದ ಹುಟ್ಟಿದ್ದು.

ಅಂಗಳದಲ್ಲಿ ಮೂರು ಇಟ್ಟಿಗೆ, ಹೊಗೆ.
ಕುದಿನೀರಿಗೆ ಉಪ್ಪು, ಅದರೊಳಗೆ ಸೋಯಾ.
ಮರದ ಚಕ್ಕೆಯಂತಿದ್ದದ್ದು
ಸಾಲ ಸಿಕ್ಕ ಮನುಷ್ಯನ ಹಾಗೆ ಉಬ್ಬುತ್ತದೆ.
ಹಿಂಡಬೇಕು, ಸ್ಕೂಲಿನ ಕಾಲುಚೀಲ ಹಿಂಡಿದ ಹಾಗೆ,
ಕೈ ಸುಡುವಾಗಲೇ.
ಹಳದಿ ನೊರೆ ಹೋಗಲಿ, ಒದ್ದೆ ರಟ್ಟಿನ ವಾಸನೆ ಹೋಗಲಿ.
ಮತ್ತೆ ನೀರು, ಮತ್ತೆ ಹಿಂಡು.
ಒಂದು ಸಲ ಹಿಂಡಿದ್ದು ಮನೆಯವರಿಗೆ,
ಎರಡು ಸಲ ಹಿಂಡಿದ್ದು ಬಂದವರಿಗೆ,
ಮೂರನೆಯ ಸಲ ಕೈ ಹಾಕಿದರೆ
ಸುಳ್ಳು ಹೇಳಲು ಹೊರಟಿದ್ದೀಯ ಅಂತ,
ಹೀಗನ್ನುತ್ತಿದ್ದಳು ಮಣ್ಣಿಗೆ ಹೋದ ನನ್ನತ್ತೆ.

ನಾನು ಮೂರು ಸಲ ಹಿಂಡಿದೆ.

ಅಪಘಾತವನ್ನು ಹಲ್ಲಲ್ಲಿ ಹರಿದು ಬಾಣಲೆಗೆ ಸುರಿದೆ.
ಈರುಳ್ಳಿ ಕಪ್ಪಾಗುವ ಹಿಂದಿನ ಗಳಿಗೆಗೆ ಸೋಯಾ,
ಅಂಚು ಸೀಯುವವರೆಗೂ ಕೈಯಾಡಿಸದೆ ಬಿಟ್ಟೆ.
(ಈ ಊರಲ್ಲಿ ತಾಳ್ಮೆಯೊಂದರ ಬೆಲೆ ಏರಿಲ್ಲ.)
ಕೋಳಿರುಚಿಯ ಪುಡಿ ಅರ್ಧ ಚಮಚ,
ಅದರಲ್ಲೂ ಕೋಳಿಯಿಲ್ಲ, ಪೊಟ್ಟಣ ಓದಿದ್ದೇನೆ.
ಟೊಮೆಟೊ. ಅರೆದ ಕಡಲೆಕಾಯಿ, ಬೆರಳಿಗೆ ಹತ್ತಿದಷ್ಟು.
ಪಕ್ಕದಲ್ಲಿ ರುವರಾಶೆ ಸಾಡ್ಜಾ ತಿರುವುತ್ತಿದ್ದಳು,
ಮೆಕ್ಕೆಜೋಳದ ಬಿಳಿ ಮುದ್ದೆ;
ಕೋಲು ಅವಳ ತೋಳಿಗಿಂತ ದಪ್ಪ,
ಅವಳಿಗೆ ಹನ್ನೊಂದು.

ಕೈಗೆ ನೀರು ಹುಯ್ದೆ. ಮುದುಕರು ತಟ್ಟೆ ಎಳೆದುಕೊಂಡರು,
ಕತ್ತಲಲ್ಲಿ ಬೆರಳಾಡಿಸಿ ಹುಡುಕಿದರು.
"ನನ್ನದೆಲ್ಲಿ?"

ಅವರದು ಅಂದರೆ
ಕಲ್ಲು ನುಂಗಿ ಕಾಳು ಅರೆಯುವ ಆ ಗಟ್ಟಿ ಹೊಟ್ಟೆ.
ಚಿಕಾಂಗನ್ವಹಾಮ. ನೆಂಟರನ್ನು ಮರೆಸುವ ತುಂಡು.
ಮನೆಯ ಹಿರಿಯ ಗಂಡಸಿಗೇ ಮೀಸಲು.
ತೊಡೆ ಉಳಿದ ಗಂಡಸರಿಗೆ, ಬೆನ್ನು ನಮಗೆ,
ಕತ್ತು, ಪಾದ ಮಕ್ಕಳಿಗೆ.
ಎಷ್ಟು ಕೋಳಿಯ ಆ ಹೊಟ್ಟೆಯನ್ನು ಈ ಕೈ ಸೀಳಿದೆ,
ಒಳಗಿನ ಮರಳು ತೊಳೆದಿದೆ, ಹಳದಿ ಪೊರೆ ಸುಲಿದಿದೆ;
ನಾಲಿಗೆಗೆ ಅದರ ಪರಿಚಯವಿಲ್ಲ.

ನಾನು ಬಾಯಿ ತೆರೆಯುವ ಮೊದಲು ಅನೇಸು,
ಆರು ವರ್ಷದ ನನ್ನ ಮಗ, ತುತ್ತು ಕಟ್ಟುತ್ತಲೇ ಅಂದ:
"ಸೆಕುರು, ಈ ಕೋಳಿಗೆ ಕಾಲಿಲ್ಲ, ರೆಕ್ಕೆಯಿಲ್ಲ.
ಇದು ಪೂರ್ತಿ ಅದೇ."

ಉರಿಯಲ್ಲಿ ಕಟ್ಟಿಗೆ ಚಟ್ಟೆಂದಿತು.
ಗಂಡ ತಲೆಯೆತ್ತಲಿಲ್ಲ.
ಮುದುಕರು ಒಂದು ತುಂಡು ಬಾಯಿಗಿಟ್ಟರು,
ಇದ್ದ ನಾಲ್ಕು ಹಲ್ಲಿನ ಕಡೆಗೆ ತಳ್ಳಿಕೊಂಡರು,
ಅಗಿದರು, ತುಂಬ ಹೊತ್ತು.
ಆಮೇಲೆ ತಮ್ಮ ತಟ್ಟೆಯಿಂದ ಒಂದನ್ನು ರುವರಾಶೆಗೆ,
ಇನ್ನೊಂದನ್ನು ನನಗೆ ಹಾಕಿ
"ಎಷ್ಟು ಸಲ ಹಿಂಡಿದೆ?" ಅಂದರು.

ಮೂರು, ಅಂದೆ. ಕತ್ತಲಿತ್ತು, ಪುಣ್ಯ.

"ಸಾಲದು. ನಿನ್ನತ್ತೆ, ನನ್ನ ತಂಗಿ,
ನನಗೆಂದು ನಾಲ್ಕು ಸಲ ಹಿಂಡುತ್ತಿದ್ದಳು."
ಅಂದು, ತಟ್ಟೆ ಮುಂದೆ ನೂಕಿ
ಇನ್ನಷ್ಟು ಕೇಳಿದರು.